ಗೋಡೆ ಕುಡಿಯುವ ನೀರು

ನಾನು ಚಿಕ್ಕವಳಿದ್ದಾಗ ಮೂಗು ಹಿಡಿದುಕೊಂಡೇ ನೀರು ಕುಡಿಯುತ್ತಿದ್ದೆ. ನಗಬೇಡಿ ಮಕ್ಕಳೇ. ಆ ನೀರನ್ನು ನೆನೆದರೆ ಈಗಲೂ ನನ್ನ ಕೈ ಮೂಗಿಗೆ ಹೋಗುತ್ತದೆ.

ಅಪ್ಪ ಇಳಕಲ್ಲಿನ ಗೌಂಡಿ, ಎಂದರೆ ಗೋಡೆ ಕಟ್ಟುವವನು. ಗುಡೂರಿನ ಆಚೆ ಬಯಲಿನಲ್ಲಿ ಹೊಸದಾಗಿ ನೂಲಿನ ಗಿರಣಿ ಕಟ್ಟುತ್ತಿದ್ದರು. ಅಪ್ಪ, ಅವ್ವ, ಅಕ್ಕ, ನಾನು ಅಲ್ಲೇ ಒಂದು ತಗಡಿನ ಗುಡಿಸಲಿನಲ್ಲಿದ್ದೆವು. ಕೆಲಸಗಾರರಿಗೆಲ್ಲ ಕುಡಿಯಲು ಇದ್ದದ್ದು ಕಲ್ಲು ಒಡೆದು ಬಿಟ್ಟ ಒಂದು ಹೊಂಡ. ಎಮ್ಮೆಗಳು ಅದರಲ್ಲೇ ಬಿದ್ದಿರುತ್ತಿದ್ದವು, ಅದರಲ್ಲೇ ಉಚ್ಚೆ ಹೊಯ್ಯುತ್ತಿದ್ದವು. ಅವ್ವ ಸೆರಗನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದರೆ ಬಟ್ಟೆಯ ಮೇಲೆ ಹಸಿರು ಲೋಳೆ ಉಳಿಯುತ್ತಿತ್ತು, ಅದರೊಳಗೆ ಕೆಂಪು ಹುಳುಗಳು ಮಿಸುಕಾಡುತ್ತಿದ್ದವು. ಕಾಯಿಸಿದರೂ ವಾಸನೆ ಹೋಗುತ್ತಿರಲಿಲ್ಲ. ರೊಟ್ಟಿಗೂ ಅದೇ ವಾಸನೆ.

ಗೋಡೆಗೆ ಮಾತ್ರ ಸಿಹಿನೀರು! ಊರ ಹೊರಗಿನ ಬಾವಿಯಿಂದ ಎತ್ತಿನ ಗಾಡಿಯಲ್ಲಿ ಪೀಪಾಯಿಗಟ್ಟಲೆ ಬರುತ್ತಿತ್ತು. ಸಿಮೆಂಟು ಮೆತ್ತಿದ ಮೇಲೆ ದಿನಗಟ್ಟಲೆ ನೀರು ಹೊಡೆಯುತ್ತಲೇ ಇರಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ. ಗೌಂಡಿಗಳು ಅದಕ್ಕೆ ‘ಗ್ವಾಡಿಗೆ ನೀರು ಕುಡಿಸೋದು’ ಎನ್ನುತ್ತಿದ್ದರು. ಹೊಲಸು ನೀರು ಸಿಮೆಂಟಿಗೆ ಆಗುವುದಿಲ್ಲವಂತೆ. ಬಾವಿಗೆ ಗಿರಣಿಯವರ ಕಾವಲಿತ್ತು, ನಮ್ಮ ಕೊಡ ಅದರ ಹತ್ತಿರ ಸುಳಿಯುವಂತಿರಲಿಲ್ಲ.

ಕೆಲಸ ನೋಡಿಕೊಳ್ಳುವ ಸಾಹೇಬನ ಡೇರೆಯಲ್ಲಿ ಒಂದು ಬಣ್ಣದ ಚಿತ್ರ ತೂಗುತ್ತಿತ್ತು. ರಷ್ಯಾ ದೇಶದಲ್ಲಿ ಕಾರ್ಖಾನೆ ಕಟ್ಟುವ ಕೆಲಸಗಾರರ ಚಿತ್ರ. ಎಲ್ಲರದೂ ಕೆಂಪು ಕೆನ್ನೆ, ಎಲ್ಲರೂ ನಗುತ್ತಿದ್ದರು. ಯಾರಾದರೂ ನೀರಿನ ಮಾತು ತೆಗೆದರೆ ಸಾಹೇಬ ಆ ಚಿತ್ರಕ್ಕೆ ಬೆರಳು ತೋರಿಸಿ, “ನೋಡ್ರಿ, ಅವರು ಹೆಂಗ ದುಡೀತಾರ, ತಕರಾರ ಐತೇನು?” ಎನ್ನುತ್ತಿದ್ದ. ಆ ನಗುವ ಮುಖಗಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಕ್ಕನಿಗೆ ವಾಂತಿಭೇದಿ ಹಿಡಿಯಿತು. ಮರುದಿನ ಬೆಳಗಿಗೆ ಅವಳ ಕಣ್ಣು ಗುಳಿ ಬಿದ್ದು, ತುಟಿ ಒಣಗಿ ಹೋಗಿತ್ತು. “ನೀರು” ಎನ್ನುವಳು, ಹೊಂಡದ ನೀರು ಬಾಯಿಗಿಟ್ಟರೆ ಮುಖ ತಿರುಗಿಸುವಳು. ಅಪ್ಪ ಕೊಡ ಹಿಡಿದು ಪೀಪಾಯಿಯ ಗಾಡಿಯ ಹತ್ತಿರ ಹೋದ. ನಾನೂ ಹಿಂದೆ ಓಡಿದೆ. ಅಲ್ಲಿ ಆಳುಗಳ ಮೇಲ್ವಿಚಾರಣೆಯ ಮುಕಾದಮ ನಿಂತಿದ್ದ.

“ಮಗಳಿಗೆ ಭಾಳ ಜಡ್ಡಾಗೈತ್ರಿ. ಒಂದ ಕೊಡ ಕೊಡ್ರಿ,” ಎಂದ ಅಪ್ಪ.

“ಇದು ಗ್ವಾಡಿ ಕುಡಿಯೋ ನೀರಲೇ! ಕಡಿಮಿ ಬಿದ್ರ ಗ್ವಾಡಿ ಬಿರಿತೈತಿ. ಸಾಹೇಬ್ರಿಗೆ ನಾ ಏನ ಹೇಳ್ಲಿ?” ಎಂದ ಮುಕಾದಮ.

ಅಪ್ಪ ಖಾಲಿ ಕೊಡ ಕೆಳಗಿಟ್ಟ. ಆಮೇಲೆ ಸೊಂಟದಲ್ಲಿ ಸಿಕ್ಕಿಸಿದ್ದ, ಸಿಮೆಂಟು ಮೆತ್ತುವ ಕರಣೆಯನ್ನು ತೆಗೆದು ನೆಲಕ್ಕೆ ಹಾಕಿದ. “ಹಂಗಾರ ಗ್ವಾಡೀನ ಗ್ವಾಡಿ ಕಟ್ಟಲಿ,” ಎಂದ.

ಅದನ್ನು ಕೇಳಿದ ಗೌಂಡಿಗಳೆಲ್ಲ ಕರಣೆ ಕೆಳಗಿಟ್ಟರು. ಕಲ್ಲು ಒಡೆಯುವವರು ಸುತ್ತಿಗೆ ಇಟ್ಟರು. ಗೋಡೆಗೆ ನೀರು ಹೊಡೆಯುವ ಹೆಂಗಸರು ಕೊಡ ಬೋರಲು ಹಾಕಿ, ಅದರ ಮೇಲೆ ಕುಳಿತುಬಿಟ್ಟರು. ಹಿಂದಿನ ದಿನವಷ್ಟೇ ಸಿಮೆಂಟು ಮೆತ್ತಿದ ಉದ್ದನೆಯ ಗೋಡೆ ಬಿಸಿಲಿಗೆ ಬೆಳ್ಳಗಾಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಕೂದಲಿನಂಥ ಬಿರುಕುಗಳು ಕಾಣಿಸಿದವು. ಆಗ ಸಾಹೇಬ ಓಡಿ ಬಂದ. ಅಕ್ಕ ನರಳಿದಾಗ ಬರದವನು ಗೋಡೆ ಬಿರಿದಾಗ ಬಂದ!

ಅಪ್ಪನನ್ನು ಒಲಿಸಲು ನಮ್ಮ ಗುಡಿಸಲಿಗೇ ಬಂದು, ನಗುತ್ತಾ ಕಂಬಳಿಯ ಮೇಲೆ ಕುಳಿತ. ಅದೇ ಅವನು ಮಾಡಿದ ತಪ್ಪು. ನಮ್ಮ ಕಡೆ ಯಾರೇ ಬಂದು ಕಂಬಳಿಯ ಮೇಲೆ ಕುಳಿತರೂ ಮೊದಲು ಬೆಲ್ಲ, ನೀರು ಕೊಡಬೇಕು. ಅವನ್ನು ಬೇಡವೆಂದರೆ ಆ ಮನೆಯವರ ಮಾನ ತೆಗೆದಂತೆ. ಅವ್ವ ಬೆಲ್ಲದ ಚೂರು, ಒಂದು ತಂಬಿಗೆ ನೀರು ತಂದು ಮುಂದಿಟ್ಟಳು.

ಸಾಹೇಬ ಬೆಲ್ಲ ಬಾಯಿಗೆ ಹಾಕಿಕೊಂಡ. ತಂಬಿಗೆ ಎತ್ತಿದ. ಮೂಗಿನ ಹತ್ತಿರ ಬರುತ್ತಿದ್ದಂತೆ ಅವನ ಮುಖ ಹಿಂಡಿದ ಹಾಗಾಯಿತು. ಬೆಲ್ಲ ನುಂಗಲೂ ಆಗದೆ, ಉಗುಳಲೂ ಆಗದೆ ಕುಳಿತ. ಬಾಗಿಲಲ್ಲಿ ಜನ ಕಿಕ್ಕಿರಿದು ನಿಂತಿದ್ದರು.

“ಕುಡೀರಿ ಸಾಹೇಬ್ರ, ಸೋಸೇನ್ರಿ,” ಎಂದಳು ಅವ್ವ.

ಅವನು ತಂಬಿಗೆ ಕೆಳಗಿಟ್ಟು ಎದ್ದ. ಹೊರಗೆ ಹೋಗಿ ಮೂಲೆಯಲ್ಲಿ ಬೆಲ್ಲ ಉಗುಳಿದ್ದನ್ನು ನಾನು ಕಂಡೆ. ಥೂ! ಸ್ವಲ್ಪ ಹೊತ್ತಿನಲ್ಲಿ ಪೀಪಾಯಿಯ ಗಾಡಿ ಗುಡಿಸಲುಗಳ ಕಡೆ ತಿರುಗಿತು. ಅಕ್ಕ ಗುಟುಕು ಗುಟುಕಾಗಿ ಕುಡಿದಳು. ಸಂಜೆಗೆ ಕಣ್ಣು ಬಿಟ್ಟು, “ಅವ್ವಾ, ಈ ನೀರಿಗೆ ವಾಸನೀನ ಇಲ್ಲಲ್ಲ!” ಎಂದಳು. ಅಪ್ಪ ಆ ಕಡೆ ತಿರುಗಿ ಅತ್ತ. ಬೇಕೆಂದೇ ಸಾಹೇಬನಿಗೆ ಆ ನೀರು ಕೊಟ್ಟೆಯಾ ಎಂದು ಮುಂದೆ ಯಾವಾಗ ಕೇಳಿದರೂ ಅವ್ವ, “ಮನ್ಯಾಗ ಬ್ಯಾರೆ ನೀರ ಎಲ್ಲಿತ್ತ?” ಎಂದಷ್ಟೇ ಹೇಳುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ಆ ಚಿತ್ರದ ದೇಶದಲ್ಲೂ ಕಾರ್ಖಾನೆ ಕಟ್ಟಲು ಬಂದವರು ಕೆಟ್ಟ ನೀರು, ಕೆಟ್ಟ ಊಟಕ್ಕೆ ರೊಚ್ಚಿಗೆದ್ದು ಕೆಲಸ ನಿಲ್ಲಿಸಿದ್ದರಂತೆ. ಹಾಗಾದರೆ ಆ ಕೆಂಪು ಕೆನ್ನೆಯ ನಗುವೂ ಸುಳ್ಳೇ.

ಈಗ ನಮ್ಮ ಅಡುಗೆಮನೆಯಲ್ಲಿ ನೀರು ಶುದ್ಧ ಮಾಡುವ ಯಂತ್ರವಿದೆ, ನೀಲಿ ದೀಪ ಉರಿಯುತ್ತದೆ. ಅಜ್ಜಿ ಅದನ್ನೂ ಮೂಸಿ ಕುಡಿಯುತ್ತಾಳೆಂದು ನನ್ನ ಮೊಮ್ಮಕ್ಕಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೊನ್ನೆ ಪಕ್ಕದಲ್ಲಿ ಮನೆ ಕಟ್ಟುವ ಕೆಲಸದ ಹೆಣ್ಣುಮಗಳೊಬ್ಬಳು ಬಾಟಲಿ ಹಿಡಿದು ನೀರು ಕೇಳಲು ಬಂದಳು. ಮೊಮ್ಮಗ ಹೋಗಿ ಗಿಡಗಳಿಗೆ ಬಿಡುವ ತೊಟ್ಟಿಯ ನೀರನ್ನು ಕೊಳವೆಯಿಂದ ತುಂಬಿದ. ನಾನು ಬಾಟಲಿ ಕಸಿದುಕೊಂಡು ಅವನ ಮುಂದೆಯೇ ಹಿಡಿದು, “ಮೊದಲ ನೀ ಕುಡಿ,” ಎಂದೆ.

ಅವನು ಮೂಗಿನ ಹತ್ತಿರ ತಂದು ಮುಖ ಹಿಂಡಿದ. ಎಪ್ಪತ್ತು ವರ್ಷಗಳ ಹಿಂದೆ ಕಂಬಳಿಯ ಮೇಲೆ ಕಂಡಿದ್ದ ಅದೇ ಮುಖ, ಈಗ ನಮ್ಮ ಮನೆಯಲ್ಲಿ.