ಪಕ್ಕದ ಸೀಟಿನ ದೂರು

ನಮ್ಮ ದೊಡ್ಡಮ್ಮನ ಕೆಲಸ ಕೇಳುವುದು. ಬ್ರೇಕ್ ಹಿಡಿಯುತ್ತಿಲ್ಲ, ದೀಪ ತಾನಾಗಿ ಆರುತ್ತದೆ, ಓಡುವಾಗಲೇ ಬಾಗಿಲು ತೆರೆದುಕೊಳ್ಳುತ್ತದೆ ಎಂದು ಕಾರಿನವರು ಫೋನ್ ಮಾಡುವ ಕಚೇರಿಯಲ್ಲಿ ಕಿಟಕಿಯ ಪಕ್ಕದ ಕುರ್ಚಿ ಅವಳದು. ಒಂದೇ ಬಗೆಯ ದೂರು ಹಲವು ಬಂದರೆ ಕಂಪನಿಯವರು ಆ ಕಾರುಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡಬೇಕು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕಿವಿಯಕ್ಕ ಎಂದು.

ಆ ಹೆಸರು ಬಂದದ್ದು ಅವಳದೇ ಒಂದು ಪದ್ಧತಿಯಿಂದ. "ಆ ಸದ್ದು ಹೇಗೆ ಬರುತ್ತೆ, ಬಾಯಲ್ಲಿ ಸ್ವಲ್ಪ ಮಾಡಿ ತೋರಿಸ್ತೀರಾ?" ಎಂದು ಕೇಳುತ್ತಾಳೆ. ದೊಡ್ಡ ದೊಡ್ಡ ಸಾಹೇಬರೂ ಮೊದಲು ಮುಜುಗರಪಟ್ಟು, ಆಮೇಲೆ ಗರ್ ಗರ್, ಕುಯ್ಯೋ ಎಂದು ಮಕ್ಕಳ ಹಾಗೆ ಶುರುಮಾಡುತ್ತಾರೆ. ಅವಳು ಕಣ್ಣು ಮುಚ್ಚುತ್ತಾಳೆ. ಮುಚ್ಚಿದ ಕಣ್ಣೊಳಗೆ ಯಾರದೋ ಊರಿನ ರಸ್ತೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಇಳಿಜಾರು, ಒಂದು ಸೇತುವೆ, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಗು. ಅವಳೂ ಆ ಕಾರಿನೊಳಗೆ ಕೂತು ತೇಲುತ್ತಾ ಹೋಗುತ್ತಾಳೆ. ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ವಾಪಸ್ ಬಂದಿರುವುದಿಲ್ಲ. ಎದುರು ಕುರ್ಚಿಯವಳು ಲೋಟವನ್ನು ಮೇಜಿನ ಮೇಲೆ ಕುಕ್ಕಿ ಕರೆತರಬೇಕು.

ದಿನವಿಡೀ ದೂರು ಕೇಳಿ ಬರುವವಳಿಗೆ ಮನೆಯಲ್ಲಾದರೂ ನೆಮ್ಮದಿ ಇರಲಿ ಎಂದು ದೊಡ್ಡಪ್ಪ ಮದುವೆಯಾದ ಹೊಸತರಲ್ಲೇ ಒಂದು ಕಾನೂನು ಮಾಡಿದ್ದರು: ಹೊಸ್ತಿಲು ದಾಟಿ ಒಳಗೆ ದೂರು ಬರುವಂತಿಲ್ಲ. ಅವರದು ಕನ್ನಡಕದ ಅಂಗಡಿ. ಮಾತು ಕಡಿಮೆ, ಹಟ ಜಾಸ್ತಿ. ನಲ್ಲಿ ಸೋರಿದರೆ ತುಟಿಪಿಟಿಕ್ಕೆನ್ನದೆ ತಾವೇ ವಾಷರ್ ತಂದು ಹಾಕುತ್ತಿದ್ದರು. ನಾವು ಮಕ್ಕಳು ಆ ಮನೆಗೆ ಹೋದರೆ, ಹಸಿವಾಗುತ್ತಿದೆ ಎನ್ನುವುದೂ ದೂರಿನ ಲೆಕ್ಕಕ್ಕೆ ಬರುತ್ತದೋ ಏನೋ ಎಂದು ಪಿಳಿಪಿಳಿ ಕಣ್ಣು ಬಿಡುತ್ತಾ ಕೂರುತ್ತಿದ್ದೆವು.

ಅಂಥ ಮನೆಯಲ್ಲಿ ಒಂದು ಬೆಳಿಗ್ಗೆ ದೊಡ್ಡಪ್ಪ ನೀಲಿ ಕಾರಿನ ಹಿಂದಿನ ಬಾಗಿಲು ತೆಗೆದು ದೊಡ್ಡಮ್ಮನಿಗೆ, "ಹಿಂದೆ ಕೂತ್ಕೋ" ಎಂದರು. ಮುಂದಿನ ಸೀಟಿನ ಮೇಲೆ ಕನ್ನಡಕದ ಡಬ್ಬಿಗಳ ರಟ್ಟಿನ ಪೆಟ್ಟಿಗೆ ಇತ್ತು. ಮಾರನೆಯ ದಿನವೂ ಇತ್ತು. ಆ ವಾರವೆಲ್ಲ ಇತ್ತು. ಅವಳನ್ನು ಕಚೇರಿಗೆ ಬಿಟ್ಟು ಅಂಗಡಿಗೆ ಹೋಗುವುದು ಅವರ ವಾಡಿಕೆ. ಕಾರು ಹೊರಟರೆ ಸಾಕು, ಅವಳ ಕಣ್ಣು ಎಳೆಯುತ್ತದೆ. ಅಷ್ಟು ವರ್ಷ ಅವರ ಪಕ್ಕದಲ್ಲೇ ತೂಕಡಿಸುತ್ತಾ ಆ ದಾರಿ ಸವೆಸಿದ್ದಳು. ಈಗ ನಿದ್ದೆ ಬರಲಿಲ್ಲ. ಕಾಣುತ್ತಿದ್ದದ್ದು ಗಂಡನ ಕತ್ತಿನ ಹಿಂಭಾಗ, ನರೆತ ಕೂದಲು. ನಾನು ಇವರಿಗೆ ಸಾಕಾಗಿದ್ದೇನೆ ಎಂದುಕೊಂಡಳು. ಕೇಳಲು ಬಾಯಿ ತೆರೆದು ಮುಚ್ಚಿದಳು. ಕೇಳಿದರೆ ಅದು ದೂರಾಗುತ್ತದೆ.

ಕಚೇರಿಯಲ್ಲೂ ಏನೋ ಕೆಟ್ಟಿತು. ಕಣ್ಣು ಮುಚ್ಚಿದರೆ ರಸ್ತೆ ಬರಲಿಲ್ಲ. ಯಾರದೇ ಕಾರಿನೊಳಗೆ ಹೊಕ್ಕರೂ ಎದುರಿಗೆ ಅದೇ ಕತ್ತು. "ಪಕ್ಕದ ಸೀಟಿನ ಬೆಲ್ಟು ಟಕ್ ಅಂತ ಬಿಚ್ಕೊಳ್ತದೆ" ಎಂದು ಒಬ್ಬರು ಹೇಳಿದರು. ಎರಡು ದಿನ ಬಿಟ್ಟು ಇನ್ನೊಬ್ಬರೂ ಅದನ್ನೇ ಹೇಳಿದರು. ಬರೆದುಕೊಂಡಳು, ಅಷ್ಟೇ. ಅದೇ ಮಾದರಿಯ ಕಾರು ತಮ್ಮ ಮನೆಯ ಮುಂದೆಯೂ ನಿಂತಿದೆ ಎಂಬುದು ಊರ ಕಾರುಗಳನ್ನೆಲ್ಲ ಕೇಳಿಸಿಕೊಂಡವಳಿಗೆ ಹೊಳೆಯಲೇ ಇಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಇವರಿಬ್ಬರ ಗಂಟೇನು ಹೋಗುತ್ತಿತ್ತು?

ಒಂದು ಮಧ್ಯಾಹ್ನ ಎದುರು ಕುರ್ಚಿಯವಳು ಗೊಣಗಿದಳು. "ಬೆಳಿಗ್ಗೆಯಿಂದ ಯಾರೋ ಫೋನ್ ಮಾಡ್ತಾರೆ ಅಕ್ಕಾ, ನಾನು ಹಲೋ ಅಂದ ಕೂಡ್ಲೇ ಇಟ್ಬಿಡ್ತಾರೆ. ನನ್ನ ದನಿ ಅಷ್ಟು ಕೆಟ್ಟದಾಗಿದೆಯಾ?"

ಅಷ್ಟರಲ್ಲಿ ದೊಡ್ಡಮ್ಮನ ಫೋನು ರಿಂಗಾಯಿತು.

"ಹೇಳಿ, ಗಾಡಿಯಲ್ಲಿ ಏನು ತೊಂದರೆ?"

ಆ ಕಡೆಯಿಂದ ಒಂದು ಕೆಮ್ಮು. ಆ ಕೆಮ್ಮನ್ನು ಅವಳು ಸಂತೆಯ ಗದ್ದಲದಲ್ಲೂ ಗುರುತು ಹಿಡಿಯುತ್ತಿದ್ದಳು.

"ಸೀಟ್ ಬೆಲ್ಟು ಮೇಡಂ," ಎಂದರು ದೊಡ್ಡಪ್ಪ. "ಜೋರಾಗಿ ಬ್ರೇಕ್ ಹಾಕಿದ್ರೆ ತಾನಾಗೇ ಬಿಚ್ಕೊಳ್ತದೆ."

ಅವಳ ಬಾಯಿ ಅಭ್ಯಾಸಬಲದಿಂದ ಮುಂದುವರಿಯಿತು. "ಸದ್ದು ಮಾಡಿ ತೋರಿಸ್ತೀರಾ?"

"ಟಕ್."

"ಯಾವ ಸೀಟು?"

"ನನ್ನ ಪಕ್ಕದ್ದು."

"ಅಲ್ಲಿ ಯಾರು ಕೂರ್ತಾರೆ?"

"ನನ್ನ ಹೆಂಡ್ತಿ. ಅವತ್ತು ನಾಯಿ ಅಡ್ಡ ಬಂತು, ಬ್ರೇಕ್ ಒತ್ತಿದೆ. ಬೆಲ್ಟು ಕಳಚಿ ಅವಳ ಮಡಿಲಿಗೆ ಬಿತ್ತು. ಪುಣ್ಯಕ್ಕೆ ಕೈ ಅಡ್ಡ ಕೊಟ್ಟೆ. ಅವಳು ನಿದ್ದೆಗಣ್ಣಲ್ಲಿದ್ಲು, ಗೊತ್ತೇ ಆಗ್ಲಿಲ್ಲ. ಅದಕ್ಕೇ ಹಿಂದೆ ಕೂರ್ಸಿದೀನಿ. ಮುಖ ಊದಿಸ್ಕೊಂಡಿದಾಳೆ."

"ಅವರಿಗೆ ಯಾಕೆ ಹೇಳ್ಲಿಲ್ಲ?"

"ನಮ್ಮನೇಲಿ ದೂರು ಹೇಳೋ ಹಾಗಿಲ್ಲ ಮೇಡಂ. ಇಲ್ಲಿ ಹೇಳಬಹುದಲ್ಲ? ಬೇರೆಯವರ ದನಿ ಬಂದಾಗೆಲ್ಲ ಇಟ್ಟೆ."

ದೊಡ್ಡಮ್ಮ ಕಣ್ಣು ಮುಚ್ಚಿದಳು. ರಸ್ತೆ ಬಂತು. ಈ ಸಲ ಅದು ಅವರದೇ ರಸ್ತೆ, ಬೆಳಗಿನ ಬಿಸಿಲು ಗಾಜಿನ ಮೇಲೆ ಜಾರುತ್ತಿತ್ತು. ಅವಳು ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು, ಎದೆಗೆ ಅಡ್ಡವಾಗಿ ಒಂದು ಕೈ ಇತ್ತು. ನಾಯಿ ಯಾವಾಗಲೋ ದಾಟಿ ಹೋಗಿದ್ದರೂ ಆ ಕೈ ಅಲ್ಲೇ ಇತ್ತು. ಕೆನ್ನೆ ಒದ್ದೆಯಾದದ್ದು ಅವಳಿಗೆ ಆಮೇಲೆ ಗೊತ್ತಾಯಿತು.

ಎಲ್ಲರಿಗೂ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿತ್ತು. "ಬೇರೆ ಏನಾದ್ರೂ ದೂರಿದೆಯಾ?"

"ಇದೆ. ಪಕ್ಕದಲ್ಲಿ ಯಾರೂ ಇಲ್ದೆ ದಾರಿ ಸಾಗ್ತಿಲ್ಲ."

ಕಂಪನಿಯವರು ಆ ಬೆಲ್ಟುಗಳನ್ನೆಲ್ಲ ಬದಲಿಸಿಕೊಟ್ಟರು, ಆದರೆ ಅದಕ್ಕೆ ತಿಂಗಳುಗಳೇ ಹಿಡಿದವು. ಆ ಸಂಜೆ ಮಾತ್ರ ಕೆಲಸ ಮುಗಿಸಿ ಹೊರಬಂದವರು ಕಚೇರಿಯ ಎದುರಿಗೆ ನೀಲಿ ಕಾರನ್ನು ನೋಡಿದರು. ಡ್ರೈವರ್ ಸೀಟು ಖಾಲಿ. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಬೆಲ್ಟು ಹಾಕಿಕೊಂಡು, ಎಲ್ಲಿಗೂ ಹೋಗದ ಕಾರಿನಲ್ಲಿ, ಎಲ್ಲಿಗೋ ಹೋಗುತ್ತಿರುವವರ ಹಾಗೆ ಸುಮ್ಮನೆ ಕೂತಿದ್ದರು.

"ಇನ್ನೊಂದು ದೂರಿದೆ," ಎಂದರಂತೆ ದೊಡ್ಡಪ್ಪ.

"ಹೇಳಿ."

"ನೀನು ಮಾಡೋ ಕಾಫಿಗೆ ಸಕ್ಕರೆ ಜಾಸ್ತಿ."

"ಯಾವತ್ತಿಂದ?"

"ಮದುವೆ ಆದಾಗಿಂದ."