ಫೋನಿನಲ್ಲಿ ಕಂಡ ನನ್ನ ಮುಖ

ಹುಣಸೂರಿನ ಸುತ್ತಮುತ್ತ ನನ್ನನ್ನು ಅರಿಯದವರಿಲ್ಲ ಎಂದು ನಂಬಿಕೊಂಡಿದ್ದೆ. ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿಯುವುದು ನಮ್ಮ ಮನೆಯ ಕಸುಬು. ಮೂವತ್ತು ವರ್ಷ ಊರೂರು ತಿರುಗಿ ಜನರ ಜಗುಲಿಗಳ ಮೇಲೆ ಕೂತು ಕೆಲಸ ಮಾಡಿದವನು ನಾನು. ಎಲ್ಲರಿಗೂ ಹಾಸಿಗೆ ಸಾಬರು.

ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಮೊಬೈಲುಗಳಲ್ಲಿ ಓಡಾಡುತ್ತಿದ್ದ ದಿನಗಳು. ಒಂದು ಮಧ್ಯಾಹ್ನ ಸರಗೂರಿನ ಆಚೆಯ ಹಳ್ಳಿಯೊಂದಕ್ಕೆ ಹೊರಟಿದ್ದೆ. ಆ ದಿಕ್ಕಿಗೆ ನಾನು ಹೋಗುವುದು ಕಡಿಮೆ. ದಾರಿಯಲ್ಲಿ ನಾಲ್ಕೈದು ವರ್ಷದ ಹುಡುಗಿ ಒಬ್ಬಳೇ ಅಳುತ್ತ ನಿಂತಿದ್ದಳು. ಏನು ಕೇಳಿದರೂ "ಅಜ್ಜಿ" ಅನ್ನುತ್ತಿದ್ದಳು. ಊರಿಗೆ ಬಿಡೋಣವೆಂದು ಎತ್ತಿ ಮೊಪೆಡ್ಡಿನ ಮುಂದೆ ನಿಲ್ಲಿಸಿಕೊಂಡೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕೊಂದು ಅಡ್ಡ ಬಂತು.

"ಯಾವೂರ್ಲಾ ನಿಂದು? ಮಗೀನ ಎಲ್ಗೆ ಎತ್ಕಂಡೋಯ್ತಿದ್ದೀಯ?"

ಹಾಸಿಗೆ ಹೊಲಿಯುವವನು ಎಂದು ಹೇಳಬೇಕಿತ್ತು. ಅದರ ಬದಲು ಮಗುವಿನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ. ಹೊಲಗಳಿಂದ ಏಳೆಂಟು ಜನ ಬಂದು ಸುತ್ತುವರಿದರು. ಒಬ್ಬ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ನನ್ನ ಮೂಟೆ ಬಿಚ್ಚಿ, ಗೇಣುದ್ದದ ದಬ್ಬಳವನ್ನು ಎತ್ತಿ ಹಿಡಿದು, "ಇದ್ಯಾಕಲಾ ನಿಂಗೆ?" ಅಂದ. ದಿನವೂ ಹಾಸಿಗೆ ಹೊಲಿಯುವ ಆ ಸೂಜಿ ಅವನ ಕೈಯಲ್ಲಿ ನನಗೂ ಆಯುಧದ ಹಾಗೆ ಕಂಡಿತು. ಕೆನ್ನೆಗೆ ಏಟು ಬಿತ್ತು. ಇನ್ನು ನಾನು ಮನೆಗೆ ಹೋಗುವುದಿಲ್ಲ ಅನ್ನಿಸಿತು. ಯಾರೋ ಫೋನು ಹಿಡಿದು ವಿಡಿಯೊ ಮಾಡುತ್ತಿದ್ದರು.

ಅಷ್ಟರಲ್ಲಿ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದು ಮಗುವನ್ನು ಬಾಚಿಕೊಂಡಳು.

"ಈ ತಾತ ಅಜ್ಜಿತಾವ ಬುಡ್ತೀನಿ ಅಂದ್ರು," ಎಂದಿತು ಮಗು.

"ಬುಡ್ರಲಾ ಅವರ್ನ. ಸೊಪ್ಪು ಕುಯ್ತಾ ಮಗೀನ ಬುಟ್ಟು ದೂರ ಓಗ್ಬುಟ್ಟಿದ್ದೆ. ತೆಪ್ಪು ನಂದು."

ಕೊರಳಪಟ್ಟಿ ಹಿಡಿದವನು ಕೈ ತೆಗೆದು ನನ್ನ ಅಂಗಿಯನ್ನು ಸರಿಮಾಡಿದ. "ನಮ್ ಜಾಗ್ದಲ್ಲಿ ನೀವಿದ್ರೂ ಇಂಗೇ ಮಾಡ್ತಿದ್ರಿ ಕಣ್ರೀ," ಅಂದ. ಬಿಚ್ಚಿದ ಮೂಟೆಯನ್ನು ಕಟ್ಟಿಕೊಂಡೆ. ಅವರ ಕಣ್ಣಿಗೆ ಮರೆಯಾಗುವ ತನಕ ಗಾಡಿ ತಳ್ಳಿಕೊಂಡೇ ನಡೆದೆ.

ಮನೆಗೆ ಬಂದಾಗ ವಿಡಿಯೊ ನನಗಿಂತ ಮೊದಲೇ ಬಂದಿತ್ತು. ಹೆಂಡತಿ ಅದನ್ನು ನನ್ನತ್ತ ಹಿಡಿದು, "ಇವನ್ಯಾರೋ ನೋಡಿ, ಕಣ್ಣಲ್ಲೇ ಗೊತ್ತಾಗುತ್ತೆ ಕಳ್ಳ ಅಂತ," ಅಂದಳು. ಇಪ್ಪತ್ತೈದು ವರ್ಷ ಜೊತೆಗಿದ್ದವಳು. ಬಗ್ಗಿ ನೋಡಿದೆ. ಬೆವೆತ ಮುಖ, ಅತ್ತಿತ್ತ ಓಡುವ ಕಣ್ಣು, ಮಗುವಿನ ತೋಳನ್ನು ಬಿಡದ ಕೈ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಂಥ ವಿಡಿಯೊಗಳನ್ನು ನಾನೂ ಎಷ್ಟೋ ಜನಕ್ಕೆ ಕಳಿಸಿದ್ದುಂಟು. "ನಾನೇ ಅದು," ಅಂದೆ. ಅವಳ ಕೈಯಿಂದ ಫೋನು ಜಾರಿತು.

ಹದಿನೈದು ದಿನ ಹೊರಗೆ ಹೋಗಲಿಲ್ಲ. ಆಮೇಲೆ ಕಟ್ಟೆಮಳಲವಾಡಿಗೆ ಹೋದೆ. ಅಲ್ಲಿ ನನ್ನನ್ನು ಬಲ್ಲ ಮನೆಯೊಂದಿತ್ತು. ಜಗುಲಿಯಲ್ಲಿ ಕೂತು ದಿಂಬು ತುಂಬುತ್ತಿದ್ದಾಗ ಆ ಮನೆಯ ಮಗು ಹತ್ತಿ ಮುಟ್ಟಲು ಪಕ್ಕಕ್ಕೆ ಬಂತು.

"ಅಕ್ಕ, ಮಗೂನ ಒಳಗೆ ಕರ್ಕೊಳ್ಳಿ," ಅಂದೆ.

"ಆಡ್ಕಳ್ಳಿ ಬುಡಿ ಸಾಬ್ರೇ, ಹೊಸಬ್ರಾ ನೀವು?" ಎಂದಳು ತಾಯಿ ಒಳಗಿನಿಂದಲೇ.

ನಾನು ಎದ್ದು ಜಗುಲಿಯ ಆಚೆ ತುದಿಗೆ ಹೋಗಿ ಕೂತೆ.