ಸೀನಪ್ಪಣ್ಣ ಮಾಡದ ಪ್ರಮಾಣ

ಇಸ್ತ್ರಿಪೆಟ್ಟಿಗೆಗೆ ತೆಂಗಿನ ಗೆರಟೆಯ ಕೆಂಡ ತುಂಬಿ ಯಜಮಾನರ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಸೀನಪ್ಪಣ್ಣ ಬಂದರು. ಅವರು ಬರಲೇ ಇಲ್ಲ ಎಂದು ಆಮೇಲೆ ಹೇಳಿದವಳು ನಾನು. ಒಮ್ಮೆ ಅಲ್ಲ, ಎರಡು ಸಲ — ಎರಡನೆಯ ಸಲ ಅವರ ಮುಖ ನೋಡಿಕೊಂಡೇ.

ಇಷ್ಟು ವರ್ಷ ದೇವರಿಗಲ್ಲದೆ ಬೇರೆ ಯಾರಿಗೂ ಇದನ್ನು ಹೇಳಿರಲಿಲ್ಲ. ದೇವರಿಗಾದರೂ ಹೇಳಿದ್ದೆನೋ, ಅವನ ಎದುರು ಸುಮ್ಮನೆ ಕಣ್ಣು ಮುಚ್ಚಿ ನಿಂತಿದ್ದೆನೋ —

ನಮ್ಮ ಮನೆ ಬಂಟ್ವಾಳದಲ್ಲಿ. ನನ್ನ ಯಜಮಾನರು ವಕೀಲರು. ಅವರ ಹತ್ತಿರ ಬರುತ್ತಿದ್ದ ಕೇಸುಗಳೆಲ್ಲ ನೀರಿನದ್ದು, ಗುಡ್ಡೆಯದ್ದು, ಕಲ್ಲಿನದ್ದು. ಮೇಲಿನವ ತೋಡಿನ ನೀರು ತಿರುಗಿಸಿದ, ಊರವರು ಸೊಪ್ಪು ತರುತ್ತಿದ್ದ ಸರಕಾರದ ಕುಮ್ಕಿ ಗುಡ್ಡೆಯನ್ನು ಯಾರೋ ಕಲ್ಲಿಗೆ ಗುತ್ತಿಗೆ ಹಿಡಿದ, ಬಂಡೆ ಒಡೆದು ಬಾವಿ ಬಿರುಕು ಬಿಟ್ಟಿತು — ಇಂಥವೇ. ಎಪ್ಪತ್ತರ ಆ ದಿನಗಳಲ್ಲಿ ಪರಿಸರ ಎಂಬ ಮಾತು ನಮ್ಮ ಕೋರ್ಟಿನಲ್ಲಿ ಕೇಳಿಬರುತ್ತಿರಲಿಲ್ಲ. ಜೊತೆಯ ವಕೀಲರಿಗೆ ಇವರೊಂದು ತಮಾಷೆ. "ಇವತ್ತು ಯಾವ ಬಾವಿಯ ವಕಾಲತ್ತು ಮಾರಾಯ್ರೆ?" ಎಂದು ಕೆಣಕುತ್ತಿದ್ದರಂತೆ. "ಬಾವಿ ಸುಳ್ಳು ಹೇಳುವುದಿಲ್ಲ, ನಿಮ್ಮ ಕಕ್ಷಿಗಾರರ ಹಾಗಲ್ಲ" ಎಂದು ಇವರು ನಗುತ್ತಿದ್ದರಂತೆ. ಮನೆಗೆ ಬಂದು ನನಗೂ ಹೇಳಿ ನಗಿಸುತ್ತಿದ್ದರು.

ಸೀನಪ್ಪಣ್ಣನದು ವೇಣೂರಿನ ಆಚೆಯ ಹಳ್ಳಿ. ಮಳೆ ನಿಂತ ಮೇಲೆ ಅಲ್ಲಿ ಊರವರೆಲ್ಲ ಸೇರಿ ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುತ್ತಾರೆ. ಆ ನೀರಿನಿಂದ ಎರಡನೆಯ ಬೆಳೆ. ಕಟ್ಟದ ಉಸ್ತುವಾರಿ ಸೀನಪ್ಪಣ್ಣನದು, ಅವರ ಅಪ್ಪನ ಕಾಲದಿಂದ. ಮೇಲಿನ ಗುಡ್ಡೆಯಲ್ಲಿ ಕಲ್ಲಿನ ಕೋರೆ ಶುರುವಾದ ಮೇಲೆ ಒರತೆಯೆಲ್ಲ ಕೋರೆಯ ಹೊಂಡಕ್ಕೆ ಇಳಿಯಿತು. ಕೆಳಗೆ ಕಟ್ಟ ಉಂಟು, ನೀರಿಲ್ಲ. ಯಜಮಾನರು ಹೋರಾಡಿ ಕೋರೆಗೆ ತಡೆಯಾಜ್ಞೆ ತಂದಿದ್ದರು. ತೋಡು ನಿಜವಾಗಿ ಬತ್ತಿದೆಯೋ ಎಂದು ನೋಡಿ ಬರಲು ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತ್ತು.

ಆ ದಿನ ಯಜಮಾನರು ಮಂಗಳೂರಿಗೆ ಹೋಗಿದ್ದರು. ಸೀನಪ್ಪಣ್ಣ ಏದುಸಿರು ಬಿಡುತ್ತಾ ಬಂದು, "ನಿಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ನಮ್ಮ ಗದ್ದೆಗೆ ಇನ್ನೊಂದು ಮಳೆಗಾಲ ಬರ್ತದೆ ಅಮ್ಮ" ಎಂದರು. ಆಮೇಲೆ ಸ್ವರ ತಗ್ಗಿಸಿದರು. "ಕೋರೆಯವರು ಹೊಂಡದ ಬದಿ ಕಡಿದು ತೋಡಿನವರೆಗೆ ನೀರಿನ ಕಣಿ ತೆಗ್ದಿದ್ದಾರೆ. ನಾಡಿದ್ದು ಕಮಿಷನರು ಬರುವಾಗ ತೋಡಿಗೆ ನೀರು ಬಿಡ್ತಾರೆ. ವಕೀಲರು ನಾಳೆಯೇ ಬಂದು ಆ ಕಣಿ ನೋಡ್ಬೇಕು. ಅವರು ಬಂದ ಕೂಡ್ಲೇ ಹೇಳ್ತೀರಲ್ಲ ಅಮ್ಮ?"

"ಹೇಳ್ತೇನೆ" ಎಂದೆ. ಮಜ್ಜಿಗೆ ಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಓಡಿದರು.

ಅದರ ಹಿಂದಿನ ವಾರ ಕೋರೆಯ ಕಡೆಯವನೊಬ್ಬ ಬಂದು ಹೋಗಿದ್ದ. ಏರು ಸ್ವರವಿಲ್ಲ, ಕೆಟ್ಟ ಮಾತಿಲ್ಲ. ಅಂಗಳದಲ್ಲಿ ಆಡುತ್ತಿದ್ದ ನನ್ನ ಮಗಳ ತಲೆ ಸವರಿ, "ವಕೀಲರು ಈ ಇಳಿಜಾರನ್ನು ಸೈಕಲಿನಲ್ಲೇ ಇಳಿಯುವುದಲ್ವಾ ಅಕ್ಕ? ಬ್ರೇಕು ಸರಿ ಉಂಟಾ ನೋಡ್ಲಿಕ್ಕೆ ಹೇಳಿ" ಎಂದ. ಅಷ್ಟೇ. ಅಂದಿನಿಂದ ನನ್ನ ಪ್ರಾರ್ಥನೆ ಒಂದೇ — ದೇವರೇ, ಈ ಕೇಸು ಹೇಗಾದರೂ ಮುಗಿಯಲಿ. ಗೆಲ್ಲಲಿ ಎಂದು ಬೇಡಲಿಲ್ಲ. ಮುಗಿಯಲಿ ಎಂದೆ. ಸೀನಪ್ಪಣ್ಣ ಹೋದ ಮೇಲೆ ಅಂಗಿ ಮಡಚುತ್ತಾ ನನಗೆ ಅನಿಸಿತು, ಇದೇ ದೇವರು ಕೊಟ್ಟ ದಾರಿ ಇರಬಹುದು. ನಾನು ಏನೂ ಮಾಡಬೇಕಾಗಿಲ್ಲ, ಬಾಯಿ ಮುಚ್ಚಿದ್ದರೆ ಸಾಕು —

ಸಂಜೆ ಯಜಮಾನರು ಕಾಲು ತೊಳೆದು ಒಳಗೆ ಬಂದು ಕೇಳಿದರು, "ಯಾರಾದರೂ ಬಂದಿದ್ದರಾ?"

"ಇಲ್ಲ."

ಕಮಿಷನರು ಹೋದ ದಿನ ತೋಡಿನಲ್ಲಿ ನೀರು ಹರಿಯುತ್ತಿತ್ತು. ಹಾಗೇ ವರದಿ ಆಯಿತು. ತಡೆಯಾಜ್ಞೆ ಹೋಯಿತು. ಕಣಿಯ ವಿಷಯ ಇವರ ಕಿವಿಗೆ ಬಿದ್ದದ್ದು ಆಮೇಲೆ, ಸೀನಪ್ಪಣ್ಣನಿಗೆ ಅದು ಮೊದಲೇ ಗೊತ್ತಿತ್ತು ಎಂಬುದೂ. ಸೀನಪ್ಪಣ್ಣ ಊರಿನ ನಾಲ್ಕು ಜನರೊಂದಿಗೆ ನಮ್ಮ ಮನೆಯ ಚಾವಡಿಗೆ ಬಂದರು. ಯಜಮಾನರು ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲೂ ಆಮೇಲೂ ನೋಡಲಿಲ್ಲ. "ಕಣಿ ತೆಗೆದದ್ದು ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ಸೀನಪ್ಪ!"

"ನಾನು ಅಮ್ಮನಲ್ಲಿ ಹೇಳಿದ್ದೆನಲ್ಲ..."

ಎಲ್ಲರೂ ನನ್ನ ಕಡೆ ತಿರುಗಿದರು. ಬಾಗಿಲ ದಾರಂದದಲ್ಲಿ ನಿಂತಿದ್ದೆ. ಸೀನಪ್ಪಣ್ಣನ ಮುಖದಲ್ಲಿ ಭಯ ಇರಲಿಲ್ಲ. ನಾನು ಹೌದು ಎನ್ನುತ್ತೇನೆ ಎಂಬ ನೆಮ್ಮದಿ ಇತ್ತು. ಆ ನೆಮ್ಮದಿಯೇ ಈಗಲೂ ನನ್ನ ಎದುರು ಬಂದು ನಿಲ್ಲುವುದು.

"ಇಲ್ಲ. ಯಾರೂ ಬರಲಿಲ್ಲ" ಎಂದೆ.

ಅವರು "ಅಮ್ಮ ಹೇಳಿದ ಮೇಲೆ ಆಯ್ತು" ಎಂದು ಹೆಗಲ ಬೈರಾಸು ಸರಿಮಾಡಿಕೊಂಡು ಇಳಿದುಹೋದರು.

ಕೋರೆಯವರು ಅವನನ್ನು ಕೊಂಡುಕೊಂಡಿದ್ದಾರೆ ಎಂದು ಊರು ಆಡಿತು. ನಮ್ಮ ಕಡೆ ಇಂಥದ್ದಕ್ಕೆ ಕೊನೆಯ ದಾರಿ ದೈವದ ಎದುರಿನ ಪ್ರಮಾಣ. ಪ್ರಮಾಣ ಆದರೆ ಮಾತು ಮುಗಿಯಿತು. ಸುಳ್ಳು ಯಾರದೋ ಅವರ ಮನೆಗೆ ದೈವದ ಸಿಟ್ಟು ತಟ್ಟುತ್ತದೆ. ಸುದ್ದಿ ಮುಟ್ಟಿಸಿದ್ದು ನಿಜವಾದರೆ ಪ್ರಮಾಣ ಮಾಡು ಎಂದರು. ಸೀನಪ್ಪಣ್ಣ ಮಾಡಲಿಲ್ಲ. ಇನ್ನೇನು ಬೇಕು ಜನರಿಗೆ? ಕಟ್ಟದ ಉಸ್ತುವಾರಿ ಹೋಯಿತು, ಊರ ಊಟಕ್ಕೆ ಕರೆಯುವುದು ನಿಂತಿತು. ಕೊನೆಗೆ ಅವರು ಹೆಂಡತಿಯೊಂದಿಗೆ ತೋಡಾರಿನಲ್ಲಿರುವ ಮಗಳ ಮನೆ ಸೇರಿದರು.

ಯಾಕೆ ಮಾಡಲಿಲ್ಲ? ಎಷ್ಟೋ ಕಾಲ ಅದೇ ಯೋಚನೆ ನನಗೆ. ಅದಕ್ಕಿಂತ ದೊಡ್ಡ ಭಯ — ಯಾರಿಗೂ ಕಾಣದ ಹಾಗೆ ಪ್ರಮಾಣ ಮಾಡಿಬಿಟ್ಟಿದ್ದಾರೋ ಏನೋ. ಮಕ್ಕಳಿಗೆ ಮೈ ಬೆಚ್ಚಗಾದರೆ ಹಣೆ ಮುಟ್ಟಿ ನೋಡುತ್ತಾ ರಾತ್ರಿಯಿಡೀ ಕೂತಿರುತ್ತಿದ್ದೆ. ಕೊನೆಗೊಮ್ಮೆ ಮೂಡಬಿದ್ರೆಯ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ತುಂಬಾ ಇಳಿದುಹೋಗಿದ್ದರು. ಬಾಯಿ ತಡೆಯದೆ ಕೇಳಿಯೇಬಿಟ್ಟೆ.

"ಮಾಡ್ಬಹುದಿತ್ತು ಅಮ್ಮ" ಎಂದರು. "ಆದ್ರೆ ನಿಮ್ಮದು ಸಣ್ಣ ಮಕ್ಕಳಿರುವ ಮನೆ ಅಲ್ವಾ?" ಮತ್ತೆ, "ಮಕ್ಕಳು ಸೌಖ್ಯವಾ?" ಎಂದು ಕೇಳಿದರು. ನನ್ನ ಬಸ್ಸು ಬಂತು. ನಾನು ಹತ್ತಿದೆ. ಕ್ಷಮಿಸಿ ಎನ್ನಲಿಲ್ಲ — ಹತ್ತಿಬಿಟ್ಟೆ.

ದೀಪ ಹಚ್ಚಿ ದಿನದ ಸಣ್ಣಪುಟ್ಟ ಉಪಕಾರಗಳನ್ನು ದೇವರಿಗೆ ಒಪ್ಪಿಸುವುದು ನನಗೆ ಅಮ್ಮನಿಂದ ಬಂದ ಅಭ್ಯಾಸ. ಹಸು ಸುಸೂತ್ರವಾಗಿ ಕರು ಹಾಕಿತು, ಮಗನ ಕೆಮ್ಮು ಇಳಿಯಿತು, ಇವರು ಬೀಳದೆ ಮನೆ ಮುಟ್ಟಿದರು. ಈ ಕೊನೆಯದನ್ನು ಹೇಳುವಾಗ ನಾಲಿಗೆ ತಡವರಿಸುತ್ತದೆ. ಅದು ಕೊಟ್ಟದ್ದು ದೇವರಲ್ಲ. ಸೀನಪ್ಪಣ್ಣನ ಮರ್ಯಾದೆ ತೆಗೆದು ನಾನು ತಂದುಕೊಂಡದ್ದು.

ಎಂಬತ್ತರ ದಶಕ ಬಂತು, ಯಜಮಾನರ ಹೆಸರು ಬೆಳೆಯಿತು. ಕಾಡು, ನೀರಿನ ಕೇಸು ಎಂದರೆ ಹೊಸ ವಕೀಲರು ಇವರನ್ನೇ ಹುಡುಕಿಕೊಂಡು ಬರುತ್ತಾರೆ. ಅವರಿಗೆಲ್ಲ ಇವರು ಹೇಳುವ ಪಾಠ ಒಂದೇ: "ಹಳ್ಳಿಯವನ ಮಾತನ್ನು ಹಾಗೇ ನಂಬಬೇಡಿ. ಸೀನಪ್ಪ ಅಂತ ಒಬ್ಬನಿದ್ದ, ಅವನನ್ನು ನಂಬಿ ನಾನು ಕೆಟ್ಟೆ." ಒಂದು ಕಾಲದಲ್ಲಿ ಇಂಥವರ ಮಾತನ್ನೇ ಹಿಡಿದು ಕೋರ್ಟಿನಲ್ಲಿ ನಿಲ್ಲುತ್ತಿದ್ದ ಮನುಷ್ಯ. ಅವರನ್ನು ಹೀಗೆ ಮಾಡಿದ ನಾನು ಕಾಫಿ ಲೋಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿರುತ್ತೇನೆ.

ನಿನ್ನೆಯೂ ಅದೇ ಪಾಠ ಆಯಿತು. ಸೀನಪ್ಪಣ್ಣ ತೀರಿಕೊಂಡ ಸುದ್ದಿ ಬಂದು ಇನ್ನೂ ತಿಂಗಳು ತುಂಬಿಲ್ಲ. ಬಂದವರು ಹೋದ ಮೇಲೆ ನಾನು ಹೇಳಿದೆ, "ಸೀನಪ್ಪಣ್ಣ ಬಂದಿದ್ದರು. ಆವತ್ತು. ನನ್ನಲ್ಲಿ ಎಲ್ಲ ಹೇಳಿ ಹೋಗಿದ್ದರು."

ಯಜಮಾನರು ಕನ್ನಡಕ ತೆಗೆದರು. ಯಾಕೆ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಸೈಕಲಿನ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅವರು ಕೇಳಿದ್ದು ಬೇರೆ.

"ಎಷ್ಟು ಹೊತ್ತಿಗೆ ಬಂದಿದ್ದ?"

"ಮಧ್ಯಾಹ್ನದ ಊಟಕ್ಕೆ ಮೊದಲು. ಕಮಿಷನರು ಬರಲು ಎರಡು ದಿನ ಇತ್ತು."

"ಹಾಗಾದರೆ ಸಮಯ ಇತ್ತು" ಎಂದರು.

ಬರುವ ಸಂಕ್ರಮಣಕ್ಕೆ ಆ ಊರಿನವರು ದೈವದ ಎದುರು ಸೇರುತ್ತಾರೆ. ಅಲ್ಲಿಗೆ ನಾನೇ ಹೋಗಿ ಹೇಳುತ್ತೇನೆ. ಸೀನಪ್ಪಣ್ಣನ ಹೆಂಡತಿಯನ್ನು ತೋಡಾರಿನಿಂದ ಕರೆದುಕೊಂಡು ಹೋಗಬೇಕು, ಅವರು ಬರುವುದಾದರೆ. ತಟ್ಟುವುದಿದ್ದರೆ ನನಗೆ ತಟ್ಟಲಿ.

ನಿನ್ನೆ ಅದಾದ ಮೇಲೆ ಯಜಮಾನರು ಚಾವಡಿಯಲ್ಲೇ ಕೂತಿದ್ದರು. ಒಲೆಯ ಮೇಲೆ ಅನ್ನ ಬೆಂದಿತ್ತು. ನಾನು ಬಸಿಯಲು ಒಳಗೆ ಹೋದೆ.